ಮುಖ ನೋಡಿ ಹೇಳಿ

ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಫೋಟೋ ಅಕ್ಕ ಎನ್ನುತ್ತಿದ್ದರು. ಸಂಪಾದಕರು ಅವಳಿಗಿಂತ ದೊಡ್ಡವರು; ಅವರೂ ಅಕ್ಕ ಎಂದೇ ಕರೆಯುತ್ತಿದ್ದರು. ಸೇರಿದ ಹೊಸದರಲ್ಲಿ ಯಾರೋ ತಮಾಷೆಗೆ ಶುರುಮಾಡಿದ್ದು, ಅವಳಿಗೆ ಮೂವತ್ತೈದು ದಾಟುವ ಹೊತ್ತಿಗೆ ಗಟ್ಟಿಯಾಗಿ ಕೂತುಬಿಟ್ಟಿತು. ಒಮ್ಮೆ ಎಲ್ಲರಿಗೂ ಅಕ್ಕನಾದ ಮೇಲೆ ಜನ ಬೇರೆ ಏನನ್ನೂ ಕೇಳುವುದಿಲ್ಲ. ಮದುವೆ ಯಾಕಾಗಲಿಲ್ಲ, ಮನೆಯಲ್ಲಿ ಯಾರಿದ್ದಾರೆ, ರಜೆಯಲ್ಲಿ ಯಾರ ಜೊತೆ ಹೋಗಿದ್ದಿರಿ ಎಂಬ ಪ್ರಶ್ನೆಗಳೆಲ್ಲ ಆ ಒಂದು ಕರೆಯ ಹೊಸ್ತಿಲಾಚೆಯೇ ನಿಂತುಬಿಡುತ್ತಿದ್ದವು. ಅವಳಿಗೂ ಅದು ಅನುಕೂಲವೇ ಆಗಿತ್ತು.

ಫೋಟೋ ವಿಭಾಗವೆಂದರೆ ಅವಳೊಬ್ಬಳೇ. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಕಂಪ್ಯೂಟರ್, ಸುತ್ತ ಬೂದು ಬಣ್ಣದ ಗೋಡೆ. ಬೇರೆ ಬಣ್ಣವಿದ್ದರೆ ಕಣ್ಣು ಮೋಸಹೋಗಿ ಪರದೆಯ ಮೇಲಿನ ಮುಖಗಳಿಗೆ ಇಲ್ಲದ ಕೆಂಪು ಬರುತ್ತದೆ ಎಂದು ಅವಳೇ ಹಟಹಿಡಿದು ಬೂದು ಬಳಿಸಿದ್ದಳು. ಬಂದ ಫೋಟೋಗಳಲ್ಲಿ ಒಳ್ಳೆಯದನ್ನು ಆರಿಸುವುದು, ಅಂಚು ಕತ್ತರಿಸುವುದು, ಕಪ್ಪಿಟ್ಟ ಮುಖಕ್ಕೆ ಬೆಳಕು ಕೊಡುವುದು ಅವಳ ಕೆಲಸ. ಕೆಲಸದಲ್ಲಿ ಕೈ ಬಲು ನಿಧಾನ. ಮಿಕ್ಕಂತೆ ಅವಳ ಕಾಲಲ್ಲಿ ಚಕ್ರವಿತ್ತು. ಒಂದು ಫೋಟೋ ಮುಗಿಯಿತೆಂದರೆ ಎದ್ದು ನೀರು ಕುಡಿದು ಬರುವುದು, ಇನ್ನೊಂದು ಮುಗಿದರೆ ಮೆಟ್ಟಿಲು ಹತ್ತಿ ಇಳಿಯುವುದು, ಕೂತಾಗ ಮೊಣಕಾಲು ಹೊಲಿಗೆ ಯಂತ್ರದಂತೆ ಅಲ್ಲಾಡುವುದು. ಬೀಗ ಹಾಕಿ ಹೊರಟವಳು ತಿರುವಿನಿಂದ ವಾಪಸು ಬಂದು ಬೀಗ ಜಗ್ಗಿ ನೋಡುವುದಂತೂ ದಿನದ ಪಾಡು.

ಮನೆಯಲ್ಲಿ ಇದ್ದವಳು ಅವಳ ಗೆಳತಿ. ಹಲ್ಲಿನ ಸೆಟ್ ಮಾಡುವುದು ಅವಳ ಕಸುಬು. ಕ್ಲಿನಿಕ್‌ಗಳಿಂದ ದವಡೆಯ ಅಚ್ಚುಗಳು ಬರುತ್ತಿದ್ದವು. ಅವಳು ಮನೆಯ ಹಿಂದಿನ ಕೋಣೆಯಲ್ಲಿ ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ನಯಮಾಡಿ ಕಳಿಸುತ್ತಿದ್ದಳು. ಬೆಂಚಿನ ಮೇಲೆ ಸದಾ ನಾಲ್ಕಾರು ಬಾಯಿಗಳು ತೆರೆದುಕೊಂಡು ಬಿದ್ದಿರುತ್ತಿದ್ದವು. ಅಕ್ಕ ಅವಳನ್ನು ಡಾಕ್ಟ್ರೇ ಎಂದು ರೇಗಿಸುತ್ತಿದ್ದಳು. ಪ್ರಪಂಚದಲ್ಲಿ ಅಕ್ಕನನ್ನು ಅಕ್ಕ ಎನ್ನದಿದ್ದವಳು ಆ ಗೆಳತಿಯೊಬ್ಬಳೇ. ಅವಳು ಕರೆಯುತ್ತಿದ್ದದ್ದು ‘ಕೋತಿ’ ಎಂದು. ಇಬ್ಬರೂ ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ ಹದಿನೇಳು ವರ್ಷ ಬಾಳಿದ್ದರು. ಕೆಳಗಿನ ಮನೆಯ ಓನರ್ ಅಜ್ಜಿಗೆ ಚಿಕ್ಕಮ್ಮನ ಮಗಳು ಎಂದು ಹೇಳಿದ್ದರು. ಅಜ್ಜಿ ಇಬ್ಬರ ಮೂಗೂ ಒಂದೇ ಥರ ಇದೆ ಎಂದು ತಾನೇ ಸಾಕ್ಷಿ ಒದಗಿಸಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಸಂಪಾದಕರು ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತರು. ಅವರಿಗೆ ಹೊಸ ಯೋಚನೆ ಹೊಳೆದಾಗ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ಅವತ್ತು ಜೋರಾಗಿಯೇ ಒರೆಸುತ್ತಿದ್ದರು.

“ಅಕ್ಕ, ವಿಶೇಷಾಂಕಕ್ಕೆ ಒಂದು ಭರ್ಜರಿ ಪುಟ. ಹದಿನಾರು ಫೋಟೋ. ಎಲ್ಲಾ ಹೆಸರು ಮಾಡಿದೋರೇ, ಆದ್ರೆ ದೂರದ ದೇಶದೋರು, ನಮ್ಮ ಓದುಗರಿಗೆ ಮುಖ ಪರಿಚಯ ಇರಬಾರದು. ಅದರಲ್ಲಿ ಅರ್ಧ ಜನ ತಾವು ಗೇ ಅಂತ ಎಲ್ಲರೆದುರಿಗೇ ಹೇಳ್ಕೊಂಡಿರೋರು. ಇನ್ನರ್ಧ ಅಲ್ಲ. ಯಾರು ಯಾರು ಅಂತ ಓದುಗರು ಬರೀ ಫೋಟೋ ನೋಡಿ ಹೇಳ್ಬೇಕು. ‘ಮುಖ ನೋಡಿ ಹೇಳಿ’ ಅಂತ ಹೆಸರಿಡೋಣ.”

“ಫೋಟೋ ನೋಡಿ ಹೇಗೆ ಹೇಳ್ತಾರೆ ಸಾರ್?”

“ಹೇಳೋಕಾಗಲ್ಲ! ಅದೇ ಅಲ್ವಾ ಪಾಯಿಂಟು? ಎಲ್ಲರೂ ತಪ್ಪು ಹೇಳ್ತಾರೆ. ಮುಖ ನೋಡಿ ಅಳೆಯೋದು ಮೂರ್ಖತನ ಅಂತ ಅವರಿಗೇ ಗೊತ್ತಾಗುತ್ತೆ. ನಮ್ಮದು ಮುಂದುವರಿದ ಪತ್ರಿಕೆ ಅಕ್ಕ, ಸ್ವಲ್ಪ ಧೈರ್ಯ ಮಾಡ್ಬೇಕು.”

ಧೈರ್ಯ ಎಂದಾಗ ಅಕ್ಕನ ಮೊಣಕಾಲು ನಿಂತುಹೋಯಿತು. ಅವರು ಹೋದ ಮೇಲೆ ಎರಡರಷ್ಟು ವೇಗದಲ್ಲಿ ಶುರುವಾಯಿತು.

ಆ ವಾರ ಪೂರ್ತಿ ಅವಳು ಆ ಮುಖಗಳ ಜೊತೆ ಕಳೆದಳು. ಒಬ್ಬ ನ್ಯಾಯಾಧೀಶ, ಒಬ್ಬ ಮಾಜಿ ಮಂತ್ರಿ, ಟೀವಿಯಲ್ಲಿ ಹವಾಮಾನ ಓದುವವನು, ಪದಕ ಗೆದ್ದ ಒಬ್ಬ ಈಜುಗಾರ್ತಿ, ಹೀಗೆ. ಮುಖ್ಯ ಉಪಸಂಪಾದಕರಿಂದ ಒಂದು ಸೂಚನೆ ಬಂದಿತ್ತು: ಪಕ್ಕದಲ್ಲಿ ಸಂಗಾತಿ ಇದ್ದರೆ ಕತ್ತರಿಸಿ, ಇಲ್ಲವಾದರೆ ಸುಳಿವು ಸಿಕ್ಕಿಬಿಡುತ್ತದೆ. ಅಕ್ಕ ಕತ್ತರಿಸಿದಳು. ನ್ಯಾಯಾಧೀಶರ ಪಕ್ಕದ ಬೋಳುತಲೆಯ ಗಂಡಸನ್ನು ತೆಗೆದಳು. ಮಂತ್ರಿಯ ತೋಳಿಗೆ ತೋಳು ಸೇರಿಸಿದ್ದವನನ್ನು ತೆಗೆದಳು. ಈಜುಗಾರ್ತಿಯದು ಮಾತ್ರ ಕಷ್ಟವಾಯಿತು. ಪಕ್ಕದಲ್ಲಿದ್ದ ಅವಳ ಹೆಂಡತಿಯನ್ನು ಅಂಚಿನಾಚೆ ದೂಡಿದರೂ ಆಕೆಯ ನಾಲ್ಕು ಬೆರಳು ಈಜುಗಾರ್ತಿಯ ಹೆಗಲ ಮೇಲೇ ಉಳಿದವು. ಅಕ್ಕ ಹೆಗಲಿನ ಚರ್ಮದ ಬಣ್ಣ ತೆಗೆದುಕೊಂಡು ಒಂದೊಂದೇ ಬೆರಳಿನ ಮೇಲೆ ಬಳಿದಳು. ಕೊನೆಗೆ ಹೆಗಲು ನುಣ್ಣಗಾಯಿತು. ಈಜುಗಾರ್ತಿ ಯಾರೂ ಇಲ್ಲದ ಕಡೆಗೆ ನೋಡಿಕೊಂಡು ಬಾಯಿತುಂಬ ನಗುತ್ತಿದ್ದಳು. ಅಕ್ಕ ಎದ್ದು ಹೊರಗೆ ಹೋದಳು. ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದಳು. ಮತ್ತೆ ಕೂತು ನೋಡಿದರೆ ಅದೇ ನಗು. ಮತ್ತೆ ಎದ್ದಳು.

ಪುಟದ ಕರಡು ಪ್ರತಿಯನ್ನು ಚಹಾ ಕಾಯಿಸುವ ಮೂಲೆಯ ಗೋಡೆಗೆ ಅಂಟಿಸಿದರು. ಓದುಗರಿಗಿಂತ ಮೊದಲು ಕಚೇರಿಯವರೇ ಆಡಿ ನೋಡಲಿ ಎಂದು. ಆಟ ಚೆನ್ನಾಗಿಯೇ ಹತ್ತಿಕೊಂಡಿತು. ಉತ್ತರ ಗೊತ್ತಿದ್ದದ್ದು ಸಂಪಾದಕರಿಗೆ, ಉಪಸಂಪಾದಕರಿಗೆ ಮತ್ತು ಅಕ್ಕನಿಗೆ ಮಾತ್ರ.

“ಈ ಹುಬ್ಬು ನೋಡ್ರಿ. ಇವನು ಗ್ಯಾರಂಟಿ,” ಎಂದ ಜಾಹೀರಾತು ವಿಭಾಗದವನು.

“ಹುಬ್ಬು ತೆಳ್ಳಗಿದ್ರೆ ಗೇನಾ? ನಮ್ಮ ಮಾವಂದೂ ಹೀಗೇ ಇದೆ,” ಎಂದಳು ಕರಡು ತಿದ್ದುವ ಪ್ರೂಫ್ ಮೇಡಂ.

“ನಿಮ್ಮ ಮಾವನ ಬಗ್ಗೆ ನಾನೇನೂ ಅಂದಿಲ್ಲ ಮೇಡಂ.”

ಈಜುಗಾರ್ತಿಯ ಮುಂದೆ ಬಂದಾಗ ಎಲ್ಲರದೂ ಒಂದೇ ಮಾತು. ಇವಳಂತೂ ಅಲ್ಲ. “ಆ ನಗು ನೋಡಿ, ಮನೇಲಿರೋ ಗಂಡನ್ನ ನೆನೆಸ್ಕೊಂಡಿದ್ದಾಳೆ,” ಎಂದಳು ಪ್ರೂಫ್ ಮೇಡಂ, ಪ್ರೀತಿಯಿಂದಲೇ. ಅಕ್ಕ ಅರ್ಧ ಚಹಾ ಚೆಲ್ಲಿ ಲೋಟ ತೊಳೆಯಲು ಹೋದಳು.

ಉತ್ತರ ಹೇಳಿದಾಗ ಎಲ್ಲರ ಊಹೆಯೂ ತಲೆಕೆಳಗಾಯಿತು. ಸಂಪಾದಕರು ಗೆದ್ದವರಂತೆ ಬೀಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಜಾಹೀರಾತಿನವನು ಇನ್ನೊಂದು ಹಾಳೆ ತಂದು ಪಕ್ಕದಲ್ಲಿ ಅಂಟಿಸಿದ. ಅದರಲ್ಲಿ ಕಚೇರಿಯವರದೇ ಗುರುತಿನ ಚೀಟಿಯ ಫೋಟೋಗಳು ಸಾಲಾಗಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ ‘ಈಗ ನಮ್ಮೋರು’ ಎಂದು ಬರೆದಿದ್ದ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ನು. ಯಾರ ಮೇಲೆ ಅನುಮಾನವೋ ಅವರ ಫೋಟೋದ ಕೆಳಗೆ ಗೀಟು ಹಾಕಬೇಕು.

ಮಧ್ಯಾಹ್ನದೊಳಗೆ ಗೀಟುಗಳೆಲ್ಲ ಒಬ್ಬಳ ಕೆಳಗೆ ಗುಂಪುಗೂಡಿದವು. ಪತ್ರಿಕೆಯ ಕಟ್ಟುಗಳನ್ನು ಅಂಗಡಿ ಅಂಗಡಿಗೆ ಮುಟ್ಟಿಸುವ ವ್ಯಾನ್ ಓಡಿಸುವವಳು ಅವಳು. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಿದ್ದಳು, ಗಂಡಸರ ಬೂಟು ಹಾಕುತ್ತಿದ್ದಳು, ಸೀಟಿ ಹೊಡೆಯುತ್ತ ಕಟ್ಟು ಎತ್ತುತ್ತಿದ್ದಳು. ಅಷ್ಟೇ ಸಾಕಾಗಿತ್ತು. ಅವಳು ಒಳಗೆ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕಳು. “ಇಷ್ಟೊಂದು ಓಟು ಚುನಾವಣೇಲಿ ನಿಂತ್ರೂ ಬರಲ್ಲ ನಂಗೆ,” ಎಂದು ಪೆನ್ನು ತೆಗೆದುಕೊಂಡು ತಾನೇ ಒಂದು ಗೀಟು ಎಳೆದಳು.

ಅಕ್ಕನ ಫೋಟೋದ ಕೆಳಗೆ ಒಂದೂ ಇರಲಿಲ್ಲ. ಅವಳು ಅಲ್ಲೇ ನಿಂತಿದ್ದನ್ನು ಕಂಡು ಜಾಹೀರಾತಿನವನು ನಾಲಿಗೆ ಕಚ್ಚಿಕೊಂಡ. “ಅಯ್ಯೋ, ಅಕ್ಕನ್ನ ಯಾಕೆ ಸೇರಿಸಿದ್ನೋ! ತಪ್ಪು ತಿಳ್ಕೋಬೇಡಿ ಅಕ್ಕ, ಎಲ್ಲರದೂ ಪ್ರಿಂಟ್ ಹಾಕೋವಾಗ ಬಂದುಬಿಡ್ತು.” ಅವಳ ಫೋಟೋವನ್ನು ಮೆಲ್ಲಗೆ ಬಿಡಿಸಿ, ಹರಿಯದಂತೆ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಅದನ್ನು ಜೇಬಿಗಿಟ್ಟುಕೊಂಡು ತನ್ನ ಕೋಣೆಗೆ ಬಂದಳು. ಸದ್ಯ ಬಚಾವಾದೆ ಎಂದು ಮೊದಲು ಅನ್ನಿಸಿತು. ಆಮೇಲೆ ಎದೆಯಲ್ಲಿ ಏನೋ ಉರಿಯತೊಡಗಿತು. ಅದು ಸಿಟ್ಟೋ ಅವಮಾನವೋ ಅವಳಿಗೆ ತಿಳಿಯಲಿಲ್ಲ. ಅವತ್ತು ಮೆಟ್ಟಿಲನ್ನು ಅವಳು ಎಷ್ಟು ಸಲ ಹತ್ತಿ ಇಳಿದಳೆಂದರೆ ಪ್ರೂಫ್ ಮೇಡಂ “ಏನಕ್ಕ, ಸಕ್ಕರೆ ಕಾಯಿಲೆ ಬಂತಾ?” ಎಂದು ಕೇಳಿದಳು.

ಯಾರೋ ಆ ಹಾಳೆಯ ಫೋಟೋ ತೆಗೆದು ಕಚೇರಿಯ ಗ್ರೂಪಿಗೆ ಹಾಕಿದರು. ಗ್ರೂಪಿನಿಂದ ಅದು ಯಾರದೋ ಫೋನಿಗೆ ಹಾರಿತು, ಅಲ್ಲಿಂದ ಇನ್ಯಾರದೋ ಫೋನಿಗೆ. ಸ್ವಲ್ಪ ದಿನದಲ್ಲೇ ವ್ಯಾನಿನವಳ ಸೀಟಿ ನಿಂತಿತು. ಒಂದು ಬೆಳಗ್ಗೆ ಅವಳು ಅಕ್ಕನ ಕೋಣೆಗೆ ಬಂದು ಬಾಗಿಲು ಮುಚ್ಚಿ, ಸ್ಟೂಲಿನ ಮೇಲೆ ಕೂತು ಅಳತೊಡಗಿದಳು.

ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗನದು ಬಲ್ಬು, ಸ್ವಿಚ್ಚು, ಫ್ಯಾನು ಮಾರುವ ಅಂಗಡಿ. ಅಪ್ಪ ಅಮ್ಮ ಇಲ್ಲದ ಅವನಿಗೆ ಹಿರಿಯಳೆಂದರೆ ಅವನ ಅಕ್ಕ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಕೂರುವವಳೂ ಅವಳೇ. ಹಾಳೆ ಸುತ್ತಿ ಸುತ್ತಿ ಆ ಅಕ್ಕನ ಫೋನಿಗೆ ಬಂದಿತ್ತು. ಆಫೀಸಿನವರೆಲ್ಲ ಸೇರಿ ಗುರುತು ಹಾಕಿದ್ದಾರೆ ಎಂದರೆ ಏನೋ ಇರಲೇಬೇಕು ಎಂದು ಅವಳು ಹಟಹಿಡಿದಿದ್ದಳು.

“ನಾನೇ ಒಂದು ಗೀಟು ಹಾಕಿದ್ದೆ ಅಂತ ಬೇರೆ ಯಾರೋ ಹೇಳಿದ್ದಾರೆ ಅಕ್ಕ. ಅದನ್ನೇ ಹಿಡ್ಕೊಂಡು ಕೂತಿದ್ದಾರೆ. ಛೀ, ನಾನು ಆ ಥರದೋಳಾ? ನೀವೇ ಹೇಳಿ. ಮೈಮೇಲೆ ಹೇಸಿಗೆ ಚೆಲ್ಲಿದಂಗಾಗಿದೆ ನನಗೆ.”

ಅಕ್ಕ ನೆಟ್ಟಗಿದ್ದ ಕೀಬೋರ್ಡನ್ನು ಮತ್ತೆ ನೆಟ್ಟಗೆ ಮಾಡಿದಳು.

“ನೀವೊಂದು ಸಲ ಅಂಗಡಿಗೆ ಬಂದು ಮಾತಾಡಿ. ನಿಮ್ಮಂಥೋರು ಹೇಳಿದ್ರೆ ಅವರು ನಂಬ್ತಾರೆ. ಬರ್ತೀರಾ ಅಕ್ಕ?”

“ಬರ್ತೀನಿ,” ಎಂದುಬಿಟ್ಟಳು ಅಕ್ಕ. ಬಾಯಿಂದ ಮಾತು ಹೊರಬಿದ್ದ ಮೇಲೆ ಯೋಚನೆ ಶುರುವಾಯಿತು.

ಸಂಜೆ ಮನೆಯಲ್ಲಿ ಗೆಳತಿ ಒಂದು ಮೇಲ್ದವಡೆಗೆ ಮುಂದಿನ ಹಲ್ಲುಗಳನ್ನು ಕೂರಿಸುತ್ತಿದ್ದಳು. ಅಕ್ಕ ಬೆಂಚಿಗೂ ಕಿಟಕಿಗೂ ನಡುವೆ ಓಡಾಡುತ್ತ ಎಲ್ಲ ಹೇಳಿದಳು.

“ಹೋಗಿ ಏನಂತ ಹೇಳ್ತೀಯ?” ಎಂದಳು ಗೆಳತಿ, ತಲೆಯೆತ್ತದೆ.

“ಆ ಹುಡುಗಿ ಹಾಗಲ್ಲ ಅಂತ.”

“ನಿನಗೆ ಹೇಗೆ ಗೊತ್ತು?”

“ಅವಳೇ ಹೇಳಿದ್ಳಲ್ಲ.”

“ಅವಳು ಹೇಳಿದ್ದನ್ನೇ ನಂಬದೋರು ನೀನು ಹೇಳಿದ್ದನ್ನ ಯಾಕೆ ನಂಬ್ತಾರೆ?”

“ನಾನು ಅಕ್ಕ ಅಲ್ವಾ ಡಾಕ್ಟ್ರೇ.”

ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೆ ಗೆಳತಿ ಚಿಮಟ ಕೆಳಗಿಟ್ಟಳು.

“ನೋಡು ಕೋತಿ, ನಿನ್ನ ಬಾಯಿ ನಿನ್ನದು. ನಿನ್ನ ಬಗ್ಗೆ ಏನು ಬೇಕಾದ್ರೂ ಹೇಳ್ಕೋ. ನಾನು ಮಾತ್ರ ಅದರೊಳಗೆ ಬರಬಾರದು. ನಾನು ಮಾಡಿದ್ದನ್ನ ಜನ ಬಾಯೊಳಗೆ ಇಟ್ಕೋತಾರೆ. ಒಂದು ಸಲ ಯಾರಿಗಾದ್ರೂ ಅಸಹ್ಯ ಅನ್ಸಿದ್ರೆ ಮುಗೀತು, ಒಂದು ಕ್ಲಿನಿಕ್ಕೂ ನನಗೆ ಅಚ್ಚು ಕಳಿಸಲ್ಲ.”

“ನಾನೆಲ್ಲಿ ಹೇಳ್ತೀನಿ ಅಂದೆ? ಆ ಹುಡುಗಿ ವಿಷಯ ಅಷ್ಟೇ.”

“ನಿನ್ನ ಕಾಲು ನೋಡ್ಕೋ. ಅದು ಆಗಲೇ ಹೇಳೋಕೆ ಶುರು ಮಾಡಿದೆ.”

ಅಂಗಡಿಗೆ ಹೋದದ್ದು ಶನಿವಾರ ಮಧ್ಯಾಹ್ನ. ವ್ಯಾನಿನಲ್ಲಿ ಪಕ್ಕಕ್ಕೆ ಕೂತ ಅಕ್ಕ ದಾರಿಯುದ್ದಕ್ಕೂ ಸೀಟ್ ಬೆಲ್ಟ್ ಹಾಕಿದಳು, ಬಿಚ್ಚಿದಳು. ಅಂಗಡಿ ಚಿಕ್ಕದು. ಮೇಲಿಂದ ದೀಪಗಳು ನೇತಾಡುತ್ತಿದ್ದವು. ಗೋಡೆಯ ಒಂದು ಹಲಗೆಗೆ ನಾನಾ ಬಗೆಯ ಸ್ವಿಚ್ಚು, ಕರೆಗಂಟೆಗಳನ್ನು ಮಾದರಿಗೆ ಜೋಡಿಸಿದ್ದರು. ಹುಡುಗ ಏಣಿಯ ಮೇಲೆ ನಿಂತು ಡಬ್ಬಗಳನ್ನು ಸರಿಸುತ್ತಿದ್ದ. ಬಂದವರನ್ನು ನೋಡಿಯೂ ಇಳಿಯಲಿಲ್ಲ. ಅವನ ಅಕ್ಕ ಸ್ಟೂಲು ಎಳೆದು ಕೊಟ್ಟಳು. ಒರಟಿಯೇನಲ್ಲ, ರಾತ್ರಿ ನಿದ್ದೆ ಕೆಟ್ಟವಳ ಕಣ್ಣು ಅವಳದು.

“ನೀವು ಆಫೀಸಿನಲ್ಲಿ ಹಿರಿಯರಂತೆ. ನಿಮ್ಮ ಮೇಲೆ ಎಲ್ಲರಿಗೂ ಗೌರವ ಅಂತ ಇವಳು ಹೇಳ್ತಾ ಇರ್ತಾಳೆ. ನನ್ನ ತಮ್ಮನ್ನ ನಾನು ಸಾಕಿ ಬೆಳೆಸಿದ್ದು. ನಾಳೆ ಅವನ ಜೀವನ ಹಾಳಾಗಬಾರದು. ನೀವೇ ನಿಜ ಹೇಳಿ, ಇವಳು ಹೇಗೆ?”

“ಒಳ್ಳೆ ಹುಡುಗಿ,” ಎಂದಳು ಅಕ್ಕ. “ಮಾತಿಗೆ ತಪ್ಪೋಳಲ್ಲ.”

“ಅದಲ್ಲ ನಾನು ಕೇಳಿದ್ದು.”

ಅಕ್ಕನಿಗೆ ಕೂತಿರಲಾಗಲಿಲ್ಲ. ಎದ್ದು ಹಲಗೆಯ ಹತ್ತಿರ ಹೋದಳು. ಕೈ ತಾನಾಗಿ ಒಂದು ಸ್ವಿಚ್ಚು ಒತ್ತಿತು. ನೀಲಿ ದೀಪ ಹತ್ತಿತು. ಆರಿಸಿದಳು. ಇನ್ನೊಂದು ಒತ್ತಿದಳು.

“ಅವಳು ಏನು ಅಂತ ಅವಳೇ ಹೇಳಿದ್ದಾಳೆ. ಅದಕ್ಕಿಂತ ಜಾಸ್ತಿ ನನಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗುತ್ತೆ ಬಿಡಿ. ಅಂಥೋರನ್ನ ನೋಡಿದ ತಕ್ಷಣ ಗೊತ್ತಾಗುತ್ತೆ. ಕೂದಲು, ನಡಿಗೆ, ಕೂರೋ ರೀತಿ. ನನಗಂತೂ ದೂರದಿಂದಲೇ ಗೊತ್ತಾಗುತ್ತೆ.”

“ಗೊತ್ತಾಗಲ್ಲ,” ಎಂದಳು ಅಕ್ಕ.

“ನೀವು ಮುಗ್ಧರು ಕಣ್ರಿ. ಅದಕ್ಕೆ ಹಾಗಂತೀರಿ.”

“ನಾನು ಅಂಗಡಿ ಒಳಗೆ ಬಂದು ಇಷ್ಟು ಹೊತ್ತಾಯ್ತು. ನನ್ನ ನೋಡಿ ನಿಮಗೆ ಗೊತ್ತಾಯ್ತಾ?”

ಅವಳ ಬೆರಳು ಅಷ್ಟರಲ್ಲಿ ಕರೆಗಂಟೆಯ ಗುಂಡಿಯ ಮೇಲಿತ್ತು. ಹಕ್ಕಿಯ ಕೂಗಿನ ಗಂಟೆ ಅದು. ಬೆರಳು ತೆಗೆಯಲು ಮರೆತಳು. ಆ ಮಾತಿನ ಹಿಂದೆಯೇ ಅಂಗಡಿ ತುಂಬ ಹಕ್ಕಿ ಕಿರುಚತೊಡಗಿತು. ಹುಡುಗ ಏಣಿಯಿಂದ ಇಳಿದು ಬಂದು ಅವಳ ಕೈಯನ್ನು ಮೆಲ್ಲಗೆ ಸರಿಸುವವರೆಗೂ ನಿಲ್ಲಲಿಲ್ಲ.

“ಏನಂದ್ರಿ?” ಎಂದಳು ಅವನ ಅಕ್ಕ.

“ನೀವು ಯಾರನ್ನ ಅಂಥೋರು ಅಂತೀರೋ, ನಾನು ಅವರಲ್ಲಿ ಒಬ್ಬಳು. ಈ ಹುಡುಗಿ ಅಲ್ಲ. ಎಲ್ಲರೂ ಅವಳ ಫೋಟೋ ಕೆಳಗೆ ಗೀಟು ಹಾಕಿದ್ರು, ನನ್ನದನ್ನ ಬಿಡಿಸಿ ಕೈಗೆ ಕೊಟ್ರು. ಮುಖ ನೋಡಿ ಹೇಳೋದು ಇಷ್ಟೇ.”

ಆ ಹೆಂಗಸು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದಳು. ನಂತರ ವ್ಯಾನಿನವಳ ಕಡೆ ತಿರುಗಿದಳು. “ಹಾಗಾದ್ರೆ ನೀನು ಇವರ ಜೊತೆನೇ ಓಡಾಡೋದಾ? ಸಾಕ್ಷಿ ಹೇಳೋಕೆ ಇವರನ್ನ ಕರ್ಕೊಂಡು ಬಂದಿದ್ದೀಯಲ್ಲ!” ಮತ್ತೆ ಫೋಟೋ ಅಕ್ಕನತ್ತ ನೋಡಿ, “ಮನೇಲಿ ಯಾರಿದ್ದಾರೆ ನಿಮಗೆ?” ಎಂದು ಕೇಳಿದಳು.

“ಅದು ನಿಮಗೆ ಬೇಡ,” ಎಂದಳು ಅಕ್ಕ. ಅಷ್ಟನ್ನು ಮಾತ್ರ ಅವಳು ಅಲ್ಲಾಡದೆ ಹೇಳಿದಳು.

ವ್ಯಾನಿನವಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತೋಚದಂತಿತ್ತು. ಆಗ ಹುಡುಗ ಮೊದಲ ಸಲ ಬಾಯಿ ತೆರೆದ. “ಅಕ್ಕ, ಸಾಕು ಬಿಡು. ಮದುವೆ ಆಗೋನು ನಾನು. ನಾನೇ ಕೇಳ್ತೀನಿ.” ಹುಡುಗಿಯ ಕಡೆ ತಿರುಗಿ, “ನಿನಗೆ ನಾನು ಬೇಕು ತಾನೇ?” ಎಂದ.

“ಇದನ್ನ ಮೊದಲನೇ ದಿನಾನೇ ಕೇಳಿದ್ರೆ ಬೇಕು ಅಂತಿದ್ದೆ,” ಎಂದಳು ಅವಳು. “ಇಷ್ಟು ದಿನ ಏಣಿ ಮೇಲೆ ಹತ್ತಿ ಕೂತಿದ್ದೆಯಲ್ಲ, ಈಗ ನನಗೇ ಗೊತ್ತಿಲ್ಲ.”

ಹೊರಗೆ ಬಂದು ವ್ಯಾನ್ ಹತ್ತಿ ಬಾಗಿಲು ದಢಾರನೆ ಹಾಕಿಕೊಂಡಳು. ಅಕ್ಕ ಇನ್ನೊಂದು ಬಾಗಿಲಿಗೆ ಕೈಹಾಕುವಷ್ಟರಲ್ಲಿ ಗಾಜು ಇಳಿಸಿ, “ನನಗೆ ಮೊದಲೇ ಒಂದು ಮಾತು ಹೇಳ್ಬಾರದಿತ್ತಾ?” ಎಂದಳು. ಉತ್ತರಕ್ಕೂ ಕಾಯದೆ ಹೊರಟುಹೋದಳು.

ಅಕ್ಕ ನಡೆದೇ ಮನೆಗೆ ಹೊರಟಳು. ನಡುವೆ ಬಸ್ಸು ಬಂದಾಗ ಹತ್ತಿ, ಎರಡು ನಿಲ್ದಾಣಕ್ಕೇ ಕೂತಿರಲಾಗದೆ ಇಳಿದುಬಿಟ್ಟಳು. ಒಂದು ಬೇಕರಿಯಲ್ಲಿ ಬ್ರೆಡ್ಡು ಕೊಂಡಳು. ಮನೆಯಲ್ಲಿ ಇದೆಯೆಂದು ಆಮೇಲೆ ನೆನಪಾಯಿತು. ದಾರಿಯುದ್ದಕ್ಕೂ ಆಡಿದ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಮತ್ತೆ ಆಡಿಕೊಂಡಳು. ಯಾವ ರೀತಿಯಲ್ಲಿ ಆಡಿದರೂ ಅದು ವಾಪಸು ಬರುವಂತಿರಲಿಲ್ಲ.

ಗೆಳತಿಗೆ ಹೇಳಿದಾಗ ಅವಳು ಬಹಳ ಹೊತ್ತು ಮೇಣ ಕೆರೆಯುತ್ತಲೇ ಇದ್ದಳು. “ನನ್ನ ಹೆಸರು?” ಎಂದಳು ಕೊನೆಗೆ.

“ಎತ್ತಲಿಲ್ಲ. ಕೇಳಿದ್ರು, ಹೇಳಲಿಲ್ಲ.”

“ಹೇಳದಿದ್ರೆ ಗೊತ್ತಾಗದೆ ಇರುತ್ತಾ? ಇಷ್ಟು ದಿನ ನಾನು ನಿನ್ನ ಮನೇಲಿರೋ ಯಾರೋ ಆಗಿದ್ದೆ. ಇನ್ಮೇಲೆ ನಾನು ಯಾರು ಅಂತ ಎಲ್ಲರೂ ಊಹೆ ಮಾಡ್ತಾರೆ.” ಅವಳು ಕೂರಿಸಿದ್ದ ಹಲ್ಲು ಸೊಟ್ಟಗಾಗಿತ್ತು. ಕಿತ್ತು ಮತ್ತೆ ಕೂರಿಸಿದಳು. ಮತ್ತೆ ಸೊಟ್ಟಗಾಯಿತು. ಅವತ್ತು ಅವಳು ಊಟ ಮಾಡಲಿಲ್ಲ. ಆ ವಾರ ಕೋತಿ ಎಂದು ಕರೆಯಲೂ ಇಲ್ಲ.

ಸೋಮವಾರ ಕಚೇರಿಗೆ ಸುದ್ದಿ ಅಕ್ಕನಿಗಿಂತ ಮೊದಲೇ ಬಂದು ಕೂತಿತ್ತು. ಹಾಳೆ ಹೋದ ದಾರಿಯಲ್ಲೇ ಅದೂ ತಿರುಗಿ ಬಂದಿರಬೇಕು. ಚಹಾದ ಮೂಲೆಯಲ್ಲಿ ಅವಳು ಕಾಲಿಟ್ಟೊಡನೆ ಮಾತು ನಿಂತಿತು. ಪ್ರೂಫ್ ಮೇಡಂ ಕಿವುಡರಿಗೆ ಹೇಳುವಂತೆ “ಅಕ್ಕಾ, ಚಹಾ ತಗೊಳ್ಳೀ!” ಎಂದು ಕೂಗಿದಳು. ಜಾಹೀರಾತಿನವನು ಗೋಡೆಯ ಹಾಳೆಯನ್ನು ಎಂದೋ ಕಿತ್ತುಹಾಕಿದ್ದ. ಅವಳನ್ನು ಕಂಡು “ಗುಡ್ ಮಾರ್ನಿಂಗ್ ಮೇಡಂ” ಎಂದ. ಅಷ್ಟು ವರ್ಷಗಳಲ್ಲಿ ಅವನು ಅವಳನ್ನು ಮೇಡಂ ಎಂದದ್ದು ಅದೇ ಮೊದಲು.

ಅವಳು ನೇರ ಸಂಪಾದಕರ ಕೋಣೆಗೆ ಹೋದಳು. ಅವರಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ.

“ಸಾರ್, ಆ ಪುಟದ ಕೆಲಸ ಇನ್ನು ನಾನು ಮಾಡಲ್ಲ.”

“ಯಾಕಕ್ಕ? ಓಹೋ, ನಿಮಗೆ ಇದೆಲ್ಲ ಸರಿಹೋಗಲ್ಲ ಅಂತ ನಾನು ಯೋಚನೆ ಮಾಡ್ಬೇಕಿತ್ತು. ಕಾಲ ಬದಲಾಗಿದೆ ಅಕ್ಕ. ಅವರೂ ನಮ್ಮಂಥ ಮನುಷ್ಯರೇ.”

ಅಕ್ಕ ಕೂತಳು, ಎದ್ದಳು, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು. “ನಾನೂ ಅವರೇ ಸಾರ್. ಅವರು ಹೇಳ್ಕೊಂಡಿದ್ದಾರೆ, ನಾನು ಹೇಳ್ಕೊಂಡಿರಲಿಲ್ಲ. ಅಷ್ಟೇ ವ್ಯತ್ಯಾಸ.”

ಸಂಪಾದಕರ ಕನ್ನಡಕ ಮೂಗಿನಿಂದ ಜಾರಿತು. ಅವರು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಪಾಪ, ಕೆಟ್ಟ ಮನುಷ್ಯರಲ್ಲ. ಸ್ವಲ್ಪ ಹೊತ್ತಿಗೆ ಮುಖ ಅರಳಿತು. “ಅಕ್ಕ! ಹಾಗಾದ್ರೆ ನೀವೇ ಒಂದು ಅನುಭವ ಬರೆದುಕೊಡಿ. ಆ ಪುಟದ ಎದುರಿಗೇ ಹಾಕೋಣ. ದೊಡ್ಡ ಫೋಟೋ ಜೊತೆ.”

“ಫೋಟೋ ಬೇಡ. ಬರೆಯೋದೂ ಇಲ್ಲ. ಆ ವ್ಯಾನಿನ ಹುಡುಗಿ ಮದುವೆ ಮುರಿಯೋ ಹಂತಕ್ಕೆ ಬಂದಿದೆ, ನಿಮ್ಮ ಆಟದಿಂದ. ಮುಖ ನೋಡಿ ಹೇಳೋಕಾಗಲ್ಲ ಅಂತ ತೋರಿಸೋಕೆ ಹೊರಟ್ರಿ. ಎಲ್ಲರೂ ಮುಖ ನೋಡೋದನ್ನೇ ಕಲಿತ್ರು. ಪುಟ ಹಾಕೋದೇ ಆದ್ರೆ, ಉತ್ತರ ಕೊಡೋ ವಾರ ಪೂರ್ತಿ ಫೋಟೋ ಹಾಕಿ, ಪಕ್ಕದಲ್ಲಿರೋರ ಸಮೇತ. ಅದನ್ನ ಮಾತ್ರ ನಾನೇ ಮಾಡಿಕೊಡ್ತೀನಿ.”

ಅವರು ಒಪ್ಪಿದರು. ಪುಟ ಅಚ್ಚಾಯಿತು, ಯಾವ ವಿಶೇಷಾಂಕಕ್ಕೂ ಬಾರದಷ್ಟು ಉತ್ತರಗಳು ಬಂದವು. ಮುಂದಿನ ಸಂಚಿಕೆಯಲ್ಲಿ ನ್ಯಾಯಾಧೀಶರು, ಮಂತ್ರಿ, ಈಜುಗಾರ್ತಿ ಎಲ್ಲರೂ ತಂತಮ್ಮವರ ಪಕ್ಕದಲ್ಲಿ ನಿಂತು ಬಂದರು. ಅದಕ್ಕೆ ಬಂದ ಪತ್ರಗಳು ಬೆರಳೆಣಿಕೆಯಷ್ಟು. ಎರಡರಲ್ಲಿ ಬೈಗುಳವಿತ್ತು.

ವ್ಯಾನಿನವಳು ಆ ತಿಂಗಳೆಲ್ಲ ಅಕ್ಕನ ಕೋಣೆಯ ಕಡೆ ಸುಳಿಯಲಿಲ್ಲ. ಆಮೇಲೊಂದು ಸಂಜೆ ಅಕ್ಕ ಬಸ್ಸಿಗೆ ಕಾಯುತ್ತಿದ್ದಾಗ ವ್ಯಾನ್ ಬಂದು ನಿಂತಿತು. “ಹತ್ತಿ,” ಎಂದಳು. ಹಿಂದೆ ಮಾರಾಟವಾಗದೆ ಉಳಿದ ಕಟ್ಟುಗಳು ಪ್ರತಿ ತಿರುವಿಗೂ ಜಾರುತ್ತಿದ್ದವು.

“ಅವತ್ತು ನಾನೊಂದು ಮಾತು ಅಂದೆ. ಹೇಸಿಗೆ ಅಂತ,” ಎಂದಳು ಅವಳು, ರಸ್ತೆಯನ್ನೇ ನೋಡುತ್ತ. “ಸುಮ್ಮನೆ ಬಾಯಿಗೆ ಬಂತು.”

“ಸುಮ್ಮನೆ ಬರಲಿಲ್ಲ,” ಎಂದಳು ಅಕ್ಕ.

“ಹೂಂ. ಸುಮ್ಮನೆ ಬರಲಿಲ್ಲ.” ಗೇರ್ ಬದಲಿಸಿ, “ಅವನು ದಿನಾ ಬಂದು ಗೇಟಿನ ಹತ್ರ ನಿಲ್ತಾನೆ. ಅಕ್ಕನ್ನ ಬಿಟ್ಟು ಒಬ್ಬನೇ ಬರ್ತಾನೆ. ಇನ್ನೂ ಸ್ವಲ್ಪ ದಿನ ನಿಲ್ಲಲಿ ಅಂತ ಬಿಟ್ಟಿದ್ದೀನಿ,” ಎಂದಳು. ಹೇಳುತ್ತ ಹೇಳುತ್ತ ನಕ್ಕಳು.

ಅವನು ಚಳಿಗಾಲ ಪೂರ್ತಿ ನಿಂತ. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಹತ್ತಿಪ್ಪತ್ತು ಜನರ ಮುಂದೆ ಆಯಿತು. ಕರೆಯಲು ಬಂದ ಹುಡುಗಿ ಅಕ್ಕನಿಗೆ, “ಮನೇಲಿ ಯಾರಿದ್ರೂ ಕರ್ಕೊಂಡು ಬನ್ನಿ” ಎಂದಿದ್ದಳು. ಗೆಳತಿ ಬರುವುದಿಲ್ಲ ಎಂದಳು. ಹಿಂದಿನ ದಿನ ಬರುತ್ತೇನೆ ಎಂದಳು. ಹೊರಡುವ ಹೊತ್ತಿಗೆ ಬಟ್ಟೆ ಬದಲಿಸುತ್ತಲೇ ಇದ್ದಳು. ಅಕ್ಕ ಬಾಗಿಲಿಗೂ ಕಿಟಕಿಗೂ ಓಡಾಡಿ ಸವೆದುಹೋದಳು.

ಆಮೇಲೆ ಮದುಮಗನ ಮನೆಯಲ್ಲಿ ಊಟದ ಹೊತ್ತಿಗೆ ಅವನ ಅಕ್ಕ ತಟ್ಟೆ ಹಿಡಿದುಕೊಂಡು ಇವರಿಬ್ಬರ ಮುಂದೆ ಬಂದು ನಿಂತಳು. ಸುತ್ತ ಕೂತವರ ಚಮಚಗಳು ಸದ್ದು ನಿಲ್ಲಿಸಿದವು. ಅವಳು ಗೆಳತಿಯನ್ನು ಮೇಲಿಂದ ಕೆಳಗೆ ನೋಡಿದಳು. “ಇವರೇನಾ ನಿಮ್ಮ ಮನೇಲಿರೋರು?”

ಅಕ್ಕ ಗೆಳತಿಯ ಕಡೆ ನೋಡಿದಳು. ಅದು ತಾನು ಕೊಡುವ ಉತ್ತರವಾಗಿರಲಿಲ್ಲ.

ಗೆಳತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಒರೆಸಿಕೊಂಡಳು. “ಹೂಂ. ನಾನೇ,” ಎಂದಳು. “ಹದಿನೇಳು ವರ್ಷ ಆಯ್ತು.”

ಆ ಹೆಂಗಸು ಇನ್ನೇನೋ ಕೇಳುವಂತೆ ನಿಂತಿದ್ದವಳು ಕೇಳಲಿಲ್ಲ. “ಊಟ ಮುಗಿಸ್ಕೊಂಡೇ ಹೋಗಿ,” ಎಂದು ಬಿಗಿಯಾಗಿ ಹೇಳಿ ಮುಂದಿನ ಸಾಲಿಗೆ ನಡೆದಳು.

ವಾಪಸು ಬರುವಾಗ ಗೆಳತಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದಳು. ಎಲ್ಲ ನಿನ್ನಿಂದ ಕೋತಿ, ನೆಮ್ಮದಿಯಾಗಿದ್ದೆ ನಾನು, ನಾಳೆ ಕ್ಲಿನಿಕ್ಕಿಗೆ ಸೆಟ್ ಕೊಡೋದಿದೆ, ಅಷ್ಟರಲ್ಲಿ ಅಲ್ಲಿಗೂ ಮುಟ್ಟಿರುತ್ತೆ, ಏನಾಗುತ್ತೋ ಏನೋ. ಮರುದಿನ ಅವಳು ಡಬ್ಬ ತೆಗೆದುಕೊಂಡು ಹೋದಳು. ಕೌಂಟರಿನವಳು ಸಹಿ ಹಾಕಿಸಿಕೊಂಡು ಎರಡು ಹೊಸ ಅಚ್ಚು ಕೊಟ್ಟಳು. ಆ ವಾರ ಏನೂ ಆಗಲಿಲ್ಲ. ಮುಂದಿನ ವಾರವೂ ಆಗಲಿಲ್ಲ. ಇವತ್ತಿನವರೆಗೂ ಆಗಿಲ್ಲ. ಆದರೂ ಮನೆಯಲ್ಲಿ ಫೋನ್ ಹೊಡೆದುಕೊಂಡಾಗಲೆಲ್ಲ ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಾರೆ. ನೀನು ಎತ್ತು ಎಂದು ಒಬ್ಬಳು, ನೀನೇ ಎತ್ತು ಎಂದು ಇನ್ನೊಬ್ಬಳು. ಅಷ್ಟರಲ್ಲಿ ಎಷ್ಟೋ ಸಲ ಫೋನು ನಿಂತೇಹೋಗುತ್ತದೆ.